ಬಿಸಿನೀರು, ನವಣೆ ಗಂಜಿ ಮತ್ತು ಬೀಜಿಂಗ್‌ನ ಸಂಜೆ

ಹೊರದೇಶಕ್ಕೆ ಹೊರಟವರಿಗೆ ನಾವು ಕೊಡೋ ಸಲಹೆಗಳೆಲ್ಲ ವೀಸಾ, ಸ್ಕಾಲರ್‌ಶಿಪ್, ಸೂಟ್‌ಕೇಸ್ ತೂಕದ ಸುತ್ತಲೇ ಇರುತ್ತವೆ. ಅಲ್ಲಿ ನವೆಂಬರ್ ತಿಂಗಳ ಸಂಜೆ ಕಳೆಯೋದು ಹೇಗೆ ಅಂತ ಯಾರೂ ಹೇಳಲ್ಲ. ಒಂದು ಸೆಮಿಸ್ಟರ್ ಬೀಜಿಂಗ್‌ನಲ್ಲಿದ್ದು ಬಂದ ನಾಲ್ವರು ನಾವು. ನಮ್ಮ ಅಭಿಪ್ರಾಯ ಇಷ್ಟೇ: ದೂರದ ಊರಲ್ಲಿ ಮನಸ್ಸನ್ನು ಕಾಯೋದು ಮನೆಯಿಂದ ಹೊತ್ತೊಯ್ದ ಉಪ್ಪಿನಕಾಯಿ ಮಾತ್ರ ಅಲ್ಲ. ಆ ಊರಿನವರು ಆ ಕಾಲಕ್ಕೆ ಏನು ತಿಂತಾರೆ, ಏನು ಕುಡೀತಾರೆ, ಏನು ತೊಡ್ತಾರೆ ಅನ್ನೋ ಸಣ್ಣಪುಟ್ಟ ರೂಢಿಗಳೂ ಕಾಯುತ್ತವೆ.

ನಮ್ಮಲ್ಲಿ ಶರತ್ಕಾಲ ಅಂದ್ರೆ ಪಂಚಾಂಗದ ಪದ. ಮಳೆ ಕಡಿಮೆಯಾಯ್ತು, ದಸರಾ ಬಂತು, ಅಷ್ಟೇ. ಬೀಜಿಂಗ್‌ನಲ್ಲಿ ಅದು ಕಣ್ಣಿಗೆ ಕಾಣುತ್ತೆ. ಸೆಪ್ಟೆಂಬರ್‌ನಲ್ಲಿ ಸೆಕೆ ಇಳಿದು ಆಕಾಶ ತಿಳಿಯಾಗುತ್ತೆ. ಆಮೇಲೆ ಗಿಂಕೋ ಮರಗಳ ಬೀಸಣಿಗೆಯಂಥ ಎಲೆಗಳು ಅರಿಶಿನ ಬಣ್ಣಕ್ಕೆ ತಿರುಗಿ ರಸ್ತೆ ತುಂಬ ಉದುರುತ್ತವೆ. ಫೋಟೋಗೆ ಚೆಂದ. ಆದ್ರೆ ಅದೇ ಹೊತ್ತಿಗೆ ತುಟಿ ಒಡೆಯುತ್ತೆ, ಬಾಟಲಿಯ ತೆಂಗಿನೆಣ್ಣೆ ಕಲ್ಲಾಗುತ್ತೆ. ನವೆಂಬರ್ ಮಧ್ಯದಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗಿರ್ತಾನೆ. ಆಗ ನಮ್ಮೂರಲ್ಲಿ ಇನ್ನೂ ಮಧ್ಯಾಹ್ನ ಎರಡೂವರೆ. ಅಮ್ಮ ಊಟ ಮುಗಿಸಿ ಸ್ವಲ್ಪ ಅಡ್ಡಾಗೋ ಹೊತ್ತು. ಮನೆ ನೆನಪು ಜೋರಾಗಿ ಕಾಡೋದು ಮೊದಲ ವಾರದಲ್ಲಲ್ಲ, ಈ ಕತ್ತಲಲ್ಲಿ.

ಆಗ ಕೈಹಿಡಿಯೋದು ಬಿಸಿನೀರು. ನೆಗಡಿ, ಹೊಟ್ಟೆನೋವು, ಬೇಸರ, ಏನೇ ಹೇಳಿ, ಅಲ್ಲಿಯವರ ಉತ್ತರ ಒಂದೇ: ಬಿಸಿನೀರು ಜಾಸ್ತಿ ಕುಡಿ. ಅವರೇ ಇದನ್ನ ಜೋಕ್ ಮಾಡ್ಕೊಂಡು ನಗ್ತಾರೆ. ನಮ್ಮ ಅಜ್ಜಿಯಂದಿರೂ ಹೇಳೋದು ಅದನ್ನೇ ಬಿಡಿ. ವ್ಯತ್ಯಾಸ ಏನಂದ್ರೆ, ಅಲ್ಲಿ ಅಜ್ಜಿಯ ಮಾತಿನ ಹಿಂದೆ ಪೈಪ್‌ಲೈನ್ ಇದೆ! ರೈಲಿನಲ್ಲಿ, ಸ್ಟೇಷನ್‌ನಲ್ಲಿ, ಹಾಸ್ಟೆಲ್‌ನಲ್ಲಿ ಕುದಿನೀರಿನ ನಲ್ಲಿ. ಎಲ್ಲರ ಬ್ಯಾಗಲ್ಲೂ ಒಂದು ಫ್ಲಾಸ್ಕ್. ಸಾಲಲ್ಲಿ ನಿಂತು ಫ್ಲಾಸ್ಕ್ ತುಂಬಿಸ್ಕೊಳ್ತಾ ನಾವು ಕಲಿತ ಚೀನೀ ಭಾಷೆ ಕ್ಲಾಸ್‌ನಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ತಿನ್ನೋದೂ ಹಾಗೆಯೇ. 'ಶಿಯೋಮಿ' ಅಂದ್ರೆ ನಮಗೆಲ್ಲ ಫೋನು. ಅಲ್ಲಿ ಅದರ ಅರ್ಥ ನವಣೆ. ಉತ್ತರ ಚೀನಾದಲ್ಲಿ ಸಾವಿರಾರು ವರ್ಷಗಳಿಂದ ಬೆಳೀತಿರೋ ಧಾನ್ಯ. ಬೆಳಗ್ಗೆ ಕ್ಯಾಂಟೀನ್‌ನಲ್ಲಿ ಹಬೆಯಾಡೋ ನವಣೆ ಗಂಜಿ ಸಿಗುತ್ತೆ. ಸಂಜೆ ರಸ್ತೆ ಬದಿ ದೊಡ್ಡ ಬಾಣಲೆಯಲ್ಲಿ, ಕಾದ ಮರಳಿನ ಜೊತೆ ಸಕ್ಕರೆ ಹಾಕಿ ಚೆಸ್ಟ್‌ನಟ್ ಹುರೀತಾರೆ. ನಮ್ಮಲ್ಲಿ ಮರಳಲ್ಲಿ ಕಡಲೆಕಾಯಿ ಹುರಿಯೋ ಗಾಡಿಯವನದ್ದೇ ವಿದ್ಯೆ. ಬಿಸಿ ಪೊಟ್ಟಣ ಜೇಬಲ್ಲಿಟ್ಟುಕೊಂಡ್ರೆ ಕೈಗೂ ಹಿತ, ಹೊಟ್ಟೆಗೂ ಹಿತ.

ಇನ್ನು ಪ್ಯಾಂಟಿನ ಒಳಗೆ ಹಾಕೋ ಬೆಚ್ಚನೆಯ ಉಡುಪು. ಅದರ ಹೆಸರೇ 'ಚಿಯುಕು', ಅಂದ್ರೆ ಶರತ್ಕಾಲದ ಚಡ್ಡಿ. ಚಿಯುಕು ಹಾಕ್ಕೊಂಡ್ಯಾ ಅಂತ ಅಮ್ಮಂದಿರು ಕೇಳೋದು, ಅದು ಸ್ಟೈಲ್ ಅಲ್ಲ ಅಂತ ಮಕ್ಕಳು ಮುಖ ತಿರುಗಿಸೋದು ಅಲ್ಲಿ ಮನೆಮನೆ ಕಥೆ. ನಮ್ಮ ಸ್ವೆಟರ್ ಜಗಳ ನೆನಪಾಗಲ್ವಾ? ಬೀಜಿಂಗ್‌ನಲ್ಲಿ ಕಟ್ಟಡಗಳಿಗೆಲ್ಲ ಕೊಳವೆಯಲ್ಲಿ ಬಿಸಿನೀರು ಹರಿಸಿ ಬೆಚ್ಚಗಿಡೋದು ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ಅದಕ್ಕೆ ಮುಂಚಿನ ಎರಡು ವಾರ ರೂಮೊಳಗೂ ನಡುಕ. ಆಗ ಚಿಯುಕು, ಫ್ಲಾಸ್ಕೇ ಗತಿ.

ಇದನ್ನೆಲ್ಲ ಕೇಳಿ, 'ವಿಡಿಯೋ ಕಾಲ್ ಇದೆ, ಸಾಂಬಾರ್ ಪುಡಿ ಇದೆ, ಇನ್ನೇನು ಬೇಕು?' ಅನ್ನೋರಿದ್ದಾರೆ. ಎರಡೂ ಬೇಕು, ನಾವು ಬೇಡ ಅನ್ನಲ್ಲ. ಆದ್ರೆ ಪುಡಿ ಅಕ್ಟೋಬರ್‌ಗೆ ಖಾಲಿಯಾಗುತ್ತೆ, ಕಾಲ್ ಕಟ್ ಆದ್ಮೇಲೆ ರೂಮು ಮತ್ತೆ ರೂಮೇ. ಬಾಗಿಲು ಹಾಕ್ಕೊಂಡು ಊರನ್ನೇ ನೆನೀತಾ ಕೂತ್ರೆ ಎರಡು ಊರೂ ಕೈತಪ್ಪುತ್ತವೆ. ಚೀನಿಯರ ಎಂಟನೇ ತಿಂಗಳ ಹುಣ್ಣಿಮೆ ಹಬ್ಬಕ್ಕೆ ಅವರು ಮೂನ್‌ಕೇಕ್ ಹಂಚಿಕೊಂಡು ಚಂದ್ರನನ್ನ ನೋಡ್ತಾರೆ. ನಮ್ಮ ಲೆಕ್ಕದಲ್ಲಿ ಅದು ಕೆಲವು ವರ್ಷ ಭಾದ್ರಪದದ ಹುಣ್ಣಿಮೆ, ಕೆಲವು ವರ್ಷ ಸೀಗಿ ಹುಣ್ಣಿಮೆ. ಹೆಸರು ಬೇರೆ, ಚಂದ್ರ ಒಬ್ಬನೇ. ಪಕ್ಕದ ರೂಮಿನವರು ಕರೆದಾಗ ಎದ್ದು ಹೋಗಬೇಕು, ಅಷ್ಟೇ.

ಕೊನೆಗೊಂದು ಮಾತು. ನಮ್ಮ ಹಾಸ್ಟೆಲ್‌ಗೂ ದೂರದಿಂದ ಬಂದವರಿದ್ದಾರೆ. ಜಡಿಮಳೆಯಲ್ಲಿ ಅವರಿಗೂ ಒಂದು ಐದು ಗಂಟೆಯ ಕತ್ತಲು ಇರುತ್ತೆ. ವೈಫೈ ಪಾಸ್‌ವರ್ಡ್ ಕೊಟ್ಟು ಸುಮ್ಮನಾಗೋದು ಬೇಡ. ಮೆಣಸಿನಸಾರು ಎಲ್ಲಿ ಚೆನ್ನಾಗಿರುತ್ತೆ, ಬಿಸಿ ಬಜ್ಜಿ ಯಾವ ಗಾಡೀಲಿ ಸಿಗುತ್ತೆ ಅಂತಾನೂ ಹೇಳೋಣ. ಸಾಧ್ಯವಾದ್ರೆ ಜೊತೆಗೇ ಕರ್ಕೊಂಡು ಹೋಗೋಣ.