ಸೂರು ಸಿಕ್ಕಿತು, ಉತ್ತರ ಸಿಗಲಿಲ್ಲ

ಯುದ್ಧ ನಿಂತ ಮೇಲೆ ನೆರವಿನ ಲಾರಿಗಳು ಬರುತ್ತವೆ. ಅವು ಯಾವ ಊರಿಗೆ ಹೋಗಬೇಕು, ಏನನ್ನು ಒಯ್ಯಬೇಕು ಎಂಬುದನ್ನು ತೀರ್ಮಾನಿಸುವವರು ಗೆದ್ದವರು. ನೆರೆಯ ಶ್ರೀಲಂಕಾದ ಉತ್ತರ ಪ್ರಾಂತ್ಯದಲ್ಲಿ ಆಗಿದ್ದೂ ಇದೇ.

2008ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸೂಚಿಸಿದ ಕೂಡಲೇ ವಿಶ್ವಸಂಸ್ಥೆಯ ಸಿಬ್ಬಂದಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಹಿಡಿತದಲ್ಲಿದ್ದ ಕಿಲಿನೊಚ್ಚಿ ತೊರೆದರು. ಜನ ಮಾತ್ರ ಸೇನೆಯ ಶೆಲ್ ದಾಳಿಗೂ ತಮ್ಮನ್ನು ಹೊರಗೆ ಬಿಡದ ಎಲ್‌ಟಿಟಿಇಗೂ ನಡುವೆ ಸಿಕ್ಕಿಬಿದ್ದರು. 2009ರ ಮೇನಲ್ಲಿ ಯುದ್ಧ ಮುಗಿಯಿತು. ಬದುಕುಳಿದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಶಿಬಿರಗಳಿಗೆ ತುಂಬಲಾಯಿತು. ಅವುಗಳಲ್ಲಿ ದೊಡ್ಡದು ವವುನಿಯಾ ಬಳಿಯ ಮಾಣಿಕ್ ಫಾರ್ಮ್. ಅಲ್ಲಿ ಸುತ್ತಲೂ ಮುಳ್ಳುತಂತಿ, ಕಾವಲಿಗೆ ಸೈನಿಕರು. ಒಳಗಿನ ನೀರು, ಊಟ, ಶೌಚಾಲಯಕ್ಕೆ ಹಣ ಕೊಟ್ಟವರು ದಾನಿಗಳು. ಕೊಡದಿದ್ದರೆ ಜನ ಸಾಯುತ್ತಾರೆ, ಕೊಟ್ಟರೆ ಬಂಧನವನ್ನು ಸಾಕಿದಂತಾಗುತ್ತದೆ. ಸಂಸ್ಥೆಗಳು ಕೊಟ್ಟವು, ಬಹುತೇಕ ಬಾಯಿ ಮುಚ್ಚಿಕೊಂಡೇ ಕೊಟ್ಟವು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಜನರನ್ನು ರಕ್ಷಿಸುವ ಹೊಣೆಯಲ್ಲಿ ವಿಶ್ವಸಂಸ್ಥೆ ಸೋತಿತೆಂದು ಅದರದೇ ಆಂತರಿಕ ಪರಿಶೀಲನಾ ವರದಿ 2012ರಲ್ಲಿ ಒಪ್ಪಿಕೊಂಡಿತು.

ಯುದ್ಧಾನಂತರದ ಪುನರ್ವಸತಿ, ಆಗಿನ ಅಧ್ಯಕ್ಷರ ತಮ್ಮ ಬಾಸಿಲ್ ರಾಜಪಕ್ಸ ನೇತೃತ್ವದ ಅಧ್ಯಕ್ಷೀಯ ಕಾರ್ಯಪಡೆಯ ಕೈಗೆ ಹೋಯಿತು. ಅದರ ಅನುಮತಿಯಿಲ್ಲದೆ ಸ್ವಯಂಸೇವಾ ಸಂಸ್ಥೆಗಳು ಉತ್ತರದಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಟ್ಟಡ, ರಸ್ತೆಗಳಿಗೆ ಒಪ್ಪಿಗೆ ಸುಲಭವಾಗಿತ್ತು. ನೊಂದವರಿಗೆ ಆಪ್ತಸಮಾಲೋಚನೆ ಕೊಡುವ, ಹಕ್ಕುಗಳ ಅರಿವು ಮೂಡಿಸುವ ಯೋಜನೆಗಳಿಗೆ ತಡೆ ಬೀಳುತ್ತಿತ್ತು. ಜನ ಕುಳಿತು ಮಾತನಾಡಿದರೆ ಸತ್ತವರ, ಕಾಣೆಯಾದವರ ಲೆಕ್ಕ ಹೊರಬರುತ್ತದೆ. ಇಟ್ಟಿಗೆಯಿಂದ ಆ ಭಯವಿಲ್ಲ.

ಭಾರತದ ನೆರವನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. 50,000 ಮನೆಗಳ ನಮ್ಮ ಯೋಜನೆ ಹಲವು ರೀತಿಯಲ್ಲಿ ಮಾದರಿ. ಉತ್ತರ, ಪೂರ್ವದ ಬಹುತೇಕ ಮನೆಗಳಲ್ಲಿ ಗುತ್ತಿಗೆದಾರರನ್ನು ದೂರವಿಟ್ಟು, ಮನೆಯೊಂದಕ್ಕೆ ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿಯನ್ನು ಕಂತುಗಳಲ್ಲಿ ಫಲಾನುಭವಿಗಳ ಖಾತೆಗೇ ಹಾಕಲಾಯಿತು. ಒಂದು ಹಂತದ ಕಾಮಗಾರಿ ಮುಗಿದ ಮೇಲೆ ಮುಂದಿನ ಕಂತು. ಸಿಮೆಂಟು, ಮರಳಿನ ದರ ಏರಿದಾಗ ಹಲವು ಕುಟುಂಬಗಳು ಸಾಲ ಮಾಡಿದವು, ಒಡವೆ ಅಡವಿಟ್ಟವು. ಆದರೂ ಸೂರು ಅವರದೇ ಆಯಿತು. ಆದರೆ ಮನೆ ಕಟ್ಟಲು ಜಾಗ ಬೇಕಲ್ಲ? ಮುಲ್ಲೈತೀವು ಜಿಲ್ಲೆಯ ಕೇಪ್ಪಾಪುಲವಿನ ಜನರ ಜಮೀನು ಸೇನೆಯ ವಶದಲ್ಲಿತ್ತು. 2017ರಲ್ಲಿ ಅವರು ಸೇನಾ ಶಿಬಿರದ ಎದುರೇ ಧರಣಿ ಕುಳಿತರು. ಅದೇ ವರ್ಷ ಕಿಲಿನೊಚ್ಚಿಯಲ್ಲಿ ಕಾಣೆಯಾದ ಮಕ್ಕಳ ಫೋಟೊ ಹಿಡಿದು ತಾಯಂದಿರು ರಸ್ತೆಬದಿ ಕುಳಿತರು. ಇವರ ಬೇಡಿಕೆಗೆ ಯಾವ ಅನುದಾನದಲ್ಲೂ ಬಾಬ್ತು ಇರಲಿಲ್ಲ.

ಬಾಯಿಬಿಟ್ಟರೆ ಹೊರಹಾಕುತ್ತಾರೆ, ಆಗ ಜನರಿಗೆ ಸಿಗುವ ಅಕ್ಕಿಯೂ ತಪ್ಪುತ್ತದೆ ಎಂಬ ಸಂಸ್ಥೆಗಳ ವಾದ ಸುಳ್ಳಲ್ಲ. ಶಿಬಿರದಲ್ಲಿ ದುಡಿಯುವ ವೈದ್ಯರಿಂದ ಅಂತಹ ಧೈರ್ಯ ನಿರೀಕ್ಷಿಸುವುದೂ ತಪ್ಪು. ಆದರೆ ಹಣ ಕೊಡುವ ಸರ್ಕಾರಗಳಿಗೆ ಆ ಭಯವಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೇಜಿನಲ್ಲೇ ಜಮೀನು ವಾಪಸಾತಿ, ಕಾಣೆಯಾದವರ ತನಿಖೆಯ ಮಾತೆತ್ತುವ ಶಕ್ತಿ ಅವುಗಳಿಗಿದೆ. ಅಕ್ಕಿ, ಔಷಧಿಗೆ ಷರತ್ತು ಬೇಡ. ರೈಲುಹಳಿ, ಬಂದರಿಗೆ ಕೊಡುವ ಹಣಕ್ಕೆ ಇರಲಿ. ಶ್ರೀಲಂಕಾಕ್ಕೆ ಮುಂದಿನ ನೆರವು ಘೋಷಿಸುವಾಗ ಭಾರತ ಜಮೀನಿನ, ಕಾಣೆಯಾದವರ ಈ ಎರಡು ಪ್ರಶ್ನೆಗಳನ್ನು ಬಹಿರಂಗವಾಗಿಯೇ ಕೇಳಬೇಕು.