ದಿನಗೂಲಿಯವನ ಕೊನೆಯ ದಿನ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದವು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಸ್ಥಾನವನ್ನು ಕೈಗಾರಿಕಾ ಸಂಬಂಧಗಳ ಸಂಹಿತೆ ಆಕ್ರಮಿಸಿತು. ಆ ಬಗ್ಗೆ ನಡೆದ ವಾದವಿವಾದ ಬಹುಮಟ್ಟಿಗೆ ಒಂದು ಅಂಕಿಯ ಸುತ್ತ ತಿರುಗಿತು. ನೌಕರರನ್ನು ಕಡಿಮೆ ಮಾಡಲು ಸರಕಾರದ ಪೂರ್ವಾನುಮತಿ ಬೇಡಬೇಕಾಗಿದ್ದುದು ಮೊದಲು ನೂರು ಜನರಿರುವ ಕಾರ್ಖಾನೆ. ಈಗ ಮುನ್ನೂರು ಜನರಿರುವುದು. ವಾದ ಅಗತ್ಯವಾದುದೇ. ಆದರೆ ನವಲಗುಂದದಂಥ ತಾಲೂಕಿನಲ್ಲಿ ಕುಳಿತು ಓದುವವರಿಗೆ ಈ ನೂರೂ ಮುನ್ನೂರೂ ಪರಸ್ಥಳದ ಸುದ್ದಿ. ಎರೆಮಣ್ಣಿನ ಈ ಸೀಮೆಯಲ್ಲಿ ಒಕ್ಕಲುತನವನ್ನು ಬಿಟ್ಟರೆ ಪಗಾರವೆಂಬುದು ಹುಟ್ಟುವುದು ಹೆಚ್ಚಾಗಿ ಕಚೇರಿಯಲ್ಲಿ, ಶಾಲೆಯಲ್ಲಿ, ರಸ್ತೆ-ಕಾಲುವೆಗಳ ಕಾಮಗಾರಿಯಲ್ಲಿ, ಇಲ್ಲವೆ ನಾಲ್ಕೆಂಟು ಆಳುಗಳ ಅಂಗಡಿಯಲ್ಲಿ. ಇಂಥಲ್ಲಿ ಕೆಲಸದಿಂದ ತೆಗೆಯುವುದಕ್ಕೆ ಆಜ್ಞೆಯ ಕಾಗದವೇ ಬೇಕೆಂದಿಲ್ಲ. ಹಾಜರಿ ಪಟ್ಟಿಯಲ್ಲಿ ಒಂದು ಹೆಸರು ಮರುದಿನ ಕಾಣುವುದಿಲ್ಲ, ಅಷ್ಟಕ್ಕೆ ಮುಗಿಯಿತು.

ಇಂಥ ದುಡಿಮೆಯ ಅಭದ್ರತೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದವರಲ್ಲಿ ನಮ್ಮ ಜಿಲ್ಲೆಯವರೇ ಪ್ರಮುಖರು. 1990ರಲ್ಲಿ ತೀರ್ಮಾನವಾದ ಆ ಮೊಕದ್ದಮೆಯ ಅರ್ಜಿದಾರರು ಧಾರವಾಡ ಜಿಲ್ಲಾ ಲೋಕೋಪಯೋಗಿ ಇಲಾಖೆಯ ಸಾಕ್ಷರ ದಿನಗೂಲಿ ನೌಕರರ ಸಂಘದವರು. ಗದಗ, ಹಾವೇರಿಗಳು ಇನ್ನೂ ಬೇರೆಯಾಗದಿದ್ದ ದೊಡ್ಡ ಧಾರವಾಡ ಜಿಲ್ಲೆ ಅದು. ಸಂಘದ ಹೆಸರಿನಲ್ಲಿರುವ 'ಸಾಕ್ಷರ' ಎಂಬ ವಿಶೇಷಣ ಮನಸ್ಸನ್ನು ತಡೆದು ನಿಲ್ಲಿಸುತ್ತದೆ. ಓದುಬರಹ ಬಲ್ಲವರು, ಕಚೇರಿಯ ಲೇಖನಕಾರ್ಯಕ್ಕೆ ಯೋಗ್ಯರು, ಆದರೂ ಲೆಕ್ಕ ದಿನಕ್ಕೊಂದು ಕೂಲಿಯದು! ರಾಜ್ಯದಲ್ಲಿ ಇಂಥವರು ಸುಮಾರು ಐವತ್ತು ಸಾವಿರ ಜನರಿರುವರೆಂದೂ ಅನೇಕರು ಹದಿನಾರು-ಇಪ್ಪತ್ತು ವರ್ಷ ದುಡಿದಿರುವರೆಂದೂ ಅರ್ಜಿಯಲ್ಲಿ ನಿವೇದಿಸಲಾಗಿದ್ದಿತು. 1989ರ ಅಂತ್ಯಕ್ಕೆ ಹತ್ತು ವರ್ಷ ತುಂಬಿದವರಲ್ಲಿ ಅನೇಕರನ್ನು 1990ರ ಜನವರಿ 1ರಿಂದ ಖಾಯಂ ಮಾಡಬೇಕು, ಉಳಿದವರನ್ನು 1997ರೊಳಗೆ ಹಂತಹಂತವಾಗಿ ಸೇರಿಸಿಕೊಳ್ಳಬೇಕು ಎಂದು ನ್ಯಾಯಾಲಯ ವಿಧಿಸಿತು.

ಆ ಹರ್ಷ ಬಹುಕಾಲ ಬಾಳಲಿಲ್ಲ. ಮತ್ತೆ ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್ 10ರಂದು, ಐವರು ನ್ಯಾಯಮೂರ್ತಿಗಳ ಪೀಠ ದಾರಿಯನ್ನೇ ತಿರುಗಿಸಿತು. ನಿಯಮದಂತೆ ಸ್ಪರ್ಧೆಯಿಂದ ಆಯ್ಕೆಯಾಗದವರನ್ನು ಖಾಯಂ ಮಾಡುವುದು ಸಂವಿಧಾನದ ಸಮಾನಾವಕಾಶಕ್ಕೆ ಭಂಗ ತರುತ್ತದೆ, ಇದಕ್ಕೆ ವಿರುದ್ಧವಾದ ಹಿಂದಿನ ತೀರ್ಪುಗಳು ಇನ್ನು ಮೇಲ್ಪಂಕ್ತಿಯಾಗಲಾರವು ಎಂದು ಅದು ಹೇಳಿತು. ಹೊರಗೆ ಅರ್ಜಿ ಹಿಡಿದು ನಿಂತ ನಿರುದ್ಯೋಗಿ ಪದವೀಧರನ ದೃಷ್ಟಿಯಿಂದ ನೋಡಿದರೆ ಈ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾಗದು.

ಆದರೆ ನಮ್ಮ ಕಚೇರಿಗಳು ಈ ತೀರ್ಪಿನಿಂದ ಕಲಿತ ಪಾಠ ಬೇರೆಯೇ. ಖಾಯಂ ಆಗುವ ಹಕ್ಕಿಲ್ಲದವನಿಗೆ ಯಾವ ಹಕ್ಕೂ ಇಲ್ಲ ಎಂಬುದೇ ಆ ಪಾಠ. ಇದು ತಪ್ಪು ತಿಳಿವಳಿಕೆ. ಉಳಿಯುವ ಹಕ್ಕು ಬೇರೆ, ಕ್ರಮವಾಗಿ ಬೀಳ್ಕೊಳ್ಳಲ್ಪಡುವ ಹಕ್ಕು ಬೇರೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದ ಕೆಲಸಗಾರನನ್ನು ಕಡಿಮೆ ಮಾಡುವಾಗ ಕಾರಣ ತಿಳಿಸಿ ಒಂದು ತಿಂಗಳ ನೋಟೀಸು ಇಲ್ಲವೆ ಆ ತಿಂಗಳ ವೇತನ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಪರಿಹಾರ, ಕೊನೆಗೆ ಬಂದವನನ್ನು ಮೊದಲು ಕಳಿಸುವ ಕ್ರಮ: ಇವು ಹಳೆಯ ಕಾಯಿದೆಯಲ್ಲಿದ್ದವು, ಹೊಸ ಸಂಹಿತೆಯಲ್ಲಿಯೂ ಇವೆ. ಇವುಗಳಲ್ಲಿ ಯಾವುದಕ್ಕೂ ಅವನು ಖಾಯಂ ಆಗಿರಬೇಕೆಂಬ ಷರತ್ತಿಲ್ಲ. ಮಾಲೀಕ ಸರಕಾರವೆಂಬ ಮಾತ್ರಕ್ಕೆ ವಿನಾಯಿತಿಯೂ ಇಲ್ಲ. ಕೆಲಸ ಬಿಡಿಸಿದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೈಸೇರಬೇಕೆಂಬುದು ವೇತನ ಸಂಹಿತೆಯ ವಿಧಿ. ಗಾಜಿಯಾಬಾದ್ ನಗರಪಾಲಿಕೆಯ ತೋಟಗಾರರನ್ನು ನೋಟೀಸಿಲ್ಲದೆ ತೆಗೆದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜನವರಿ 31ರಂದು ಅವರ ಪುನರ್ನೇಮಕವನ್ನೂ ಅರ್ಧ ಹಿಂಬಾಕಿ ವೇತನವನ್ನೂ ವಿಧಿಸಿತು. ಉಮಾದೇವಿ ತೀರ್ಪು ಶೋಷಣೆಯ ಗುರಾಣಿಯಲ್ಲವೆಂಬುದು ಅಲ್ಲಿಯ ತಾತ್ಪರ್ಯ.

ಇದರಿಂದ ನುಣುಚಿಕೊಳ್ಳುವ ಉಪಾಯವೂ ಕಾಯಿದೆಯೊಳಗೇ ಇದೆ. ಮೊದಲೇ ಬರೆದಿಟ್ಟ ಅವಧಿ ತೀರಿ ಕೆಲಸ ಮುಗಿದರೆ ಅದು 'ಕಡಿತ' ಎನಿಸುವುದೇ ಇಲ್ಲ. 1984ರಿಂದ ಈ ವಿನಾಯಿತಿ ನಡೆದುಬಂದಿದೆ. ಹೊಸ ಸಂಹಿತೆ ಅದನ್ನು ಉಳಿಸಿಕೊಂಡು, ಪ್ರತಿಯಾಗಿ ಅವಧಿಯ ನೌಕರನಿಗೆ ಒಂದು ವರ್ಷದ ಸೇವೆಗೇ ಉಪದಾನ ದೊರೆಯುವಂತೆ ಮಾಡಿದೆ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರ ಸ್ಥಿತಿ ಇನ್ನೂ ವಿಚಿತ್ರ. ವರ್ಷ ವರ್ಷವೂ ಬೀಳ್ಕೊಡುಗೆ, ವರ್ಷ ವರ್ಷವೂ ಆಹ್ವಾನ. ಅತಿಥಿಯೆಂಬ ಸವಿನುಡಿಗೆ ಇಷ್ಟು ಕಹಿ ಅರ್ಥ ಬಂದುದು ನಮ್ಮ ಕಾಲದಲ್ಲಿಯೇ ಇರಬೇಕು. ಶಾಲೆ ಉದ್ಯಮವಾದರೂ ಶಿಕ್ಷಕ ಮಾತ್ರ ಆ ಕಾಯಿದೆಯ ಅರ್ಥದಲ್ಲಿ ಕೆಲಸಗಾರನಲ್ಲವೆಂದು 1988ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. ಖಾಸಗಿ ಶಾಲೆಯ ಶಿಕ್ಷಕರಿಗೆ ಆಸರೆ ಬೇರೆಡೆ ಇದೆ: ವಿಚಾರಣೆಯಿಲ್ಲದೆ ವಜಾ ಮಾಡಬಾರದೆಂದು 1983ರ ಕರ್ನಾಟಕ ಶಿಕ್ಷಣ ಅಧಿನಿಯಮ ಕಟ್ಟುಮಾಡಿದೆ, ಮೇಲ್ಮನವಿಗೆ ನ್ಯಾಯಮಂಡಳಿಯನ್ನೂ ಒದಗಿಸಿದೆ.

ಹೋಗುವವನಿಗೂ ಕರ್ತವ್ಯಗಳುಂಟು. ಬೀಗದ ಕೈ, ದಫ್ತರ, ಹಣದ ಲೆಕ್ಕಗಳನ್ನು ಪಟ್ಟಿ ಮಾಡಿ ಒಪ್ಪಿಸಿ ರಸೀದಿ ಪಡೆಯಬೇಕು. ತಾನಾಗಿ ಬಿಡುವುದಾದರೆ ಕರಾರಿನಂತೆ ಮುನ್ಸೂಚನೆ ಕೊಡಬೇಕು. ಬುದ್ಧಿಪೂರ್ವಕ ನಿರ್ಲಕ್ಷ್ಯದಿಂದ ನಷ್ಟ ಮಾಡಿದ್ದಕ್ಕಾಗಿ ವಜಾ ಆದವನ ಉಪದಾನದಿಂದ ಆ ನಷ್ಟದಷ್ಟನ್ನು ಹಿಡಿಯಬಹುದು. ಬರಿಯ ಮುನಿಸಿನಿಂದ ಹಿಡಿಯಲಾಗದು.

ಎಲ್ಲಕ್ಕಿಂತ ಮುಖ್ಯವಾದುದು ಕಾಗದ. ಕರ್ನಾಟಕದ ಅರಣ್ಯ ಇಲಾಖೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿದಂತೆ, 240 ದಿನ ದುಡಿದುದನ್ನು ರುಜುವಾತುಪಡಿಸುವ ಹೊರೆ ದುಡಿದವನ ಮೇಲೆಯೇ ಇದೆ. ಅವನ ಬಾಯಿಮಾತಿನ ಪ್ರಮಾಣವೊಂದೇ ಸಾಲದು. ಹಾಜರಿ ಪಟ್ಟಿಯಾದರೋ ಕಚೇರಿಯ ಕಪಾಟಿನಲ್ಲಿ. ತಕರಾರು ಎತ್ತಲು ಹೊಸ ಸಂಹಿತೆ ಕೊಟ್ಟಿರುವ ಕಾಲ ಎರಡು ವರ್ಷ. ಸರಕಾರಿ ಕಚೇರಿಯಾದರೆ ಅಷ್ಟರೊಳಗೆ ಆ ಪಟ್ಟಿಯ ನಕಲನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಬೇಡಬಹುದು. ಅರ್ಜಿಗೆ ಶುಲ್ಕ ಹತ್ತು ರೂಪಾಯಿ.