ಬೆಂಬಲಿಗರನ್ನು ಹೀಗಳೆದರೆ ಪ್ರಶ್ನೆ ಮುಗಿಯದು



ಟ್ರಂಪ್ ಕುರಿತ ಚರ್ಚೆಗಳಲ್ಲಿ ಅವರ ಬೆಂಬಲಿಗರನ್ನೆಲ್ಲ ಮೂಢರೆಂದು ತಳ್ಳಿಹಾಕುವುದು ರೂಢಿಯಾಗಿದೆ. ಅದು ತಪ್ಪೆನ್ನಲು ನಮ್ಮಲ್ಲೇ ಸಾಕ್ಷಿಯಿದೆ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದ್ದರು. 1975ರಲ್ಲಿ ಇಂದಿರಾ ತುರ್ತು ಪರಿಸ್ಥಿತಿ ಹೇರಿದರು. ಬೆಂಗಳೂರಿನ ಜೈಲಿನಲ್ಲಿ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಷ್ಟಾದರೂ 1977ರಲ್ಲಿ ಉತ್ತರ ಭಾರತ ಇಂದಿರಾರನ್ನು ತಿರಸ್ಕರಿಸಿದಾಗ ಕರ್ನಾಟಕ ಅವರ ಪಕ್ಷಕ್ಕೆ 28ರಲ್ಲಿ 26 ಸ್ಥಾನ ಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ ಇಂದಿರಾ ಮಾಜಿ ಪ್ರಧಾನಿಯಾಗಿ ಚಿಕ್ಕಮಗಳೂರಿಗೆ ಬಂದು, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಮತದಾರರೆಲ್ಲ ಸರ್ವಾಧಿಕಾರ ಬಯಸಿದವರೇ? ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರನಿಗೆ ಹೊಲ ಸಿಕ್ಕಿತ್ತು. ಉಳುವವನ ಆ ಕೃತಜ್ಞತೆಯನ್ನು ಲೆಕ್ಕಕ್ಕೆ ತಾರದೆ ಆ ಫಲಿತಾಂಶ ಅರ್ಥವಾಗದು.

ಹಾಗಾದರೆ ಗೆದ್ದವರ ತಪ್ಪೆಲ್ಲ ಮಾಫಿಯೇ ಎಂದು ಕೇಳಬಹುದು. ಖಂಡಿತ ಇಲ್ಲ. ಷಾ ಆಯೋಗ ದಾಖಲಿಸಿದ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಚಿಕ್ಕಮಗಳೂರಿನ ಗೆಲುವು ಅಳಿಸಲಿಲ್ಲ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದ ಮೇಲೆ ನಡೆದ ದಾಳಿಯನ್ನು ಟ್ರಂಪ್ ಅವರ 2024ರ ಗೆಲುವೂ ಅಳಿಸದು. ನಾಯಕರ ನಡತೆಯನ್ನು ಸಾಕ್ಷ್ಯದಿಂದ, ನ್ಯಾಯಾಲಯದಲ್ಲಿ ಅಳೆಯಬೇಕು. ಆಗ ಕೇಂದ್ರದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷ ಮಾಡಿದ್ದೇ ಬೇರೆ: 1978ರ ಡಿಸೆಂಬರಿನಲ್ಲಿ ಬಹುಮತದ ಬಲದಿಂದ ಇಂದಿರಾರ ಲೋಕಸಭಾ ಸದಸ್ಯತ್ವ ಕಿತ್ತು ಜೈಲಿಗೆ ಕಳುಹಿಸಿತು, ಚಿಕ್ಕಮಗಳೂರಿನ ಮತದಾರರ ಆಯ್ಕೆಯನ್ನೇ ರದ್ದುಗೊಳಿಸಿತು. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದರು.

– ಒಬ್ಬ ಓದುಗ, ಚಂದ್ರವಳ್ಳಿ, ಚಿತ್ರದುರ್ಗ